ಆಟದ ಮೇಜು: ತಿಂಗಳ ಚಂದಾ ಕಟ್ಟಬೇಕಾ, ಬೇಡವಾ?

ಪ್ರಶ್ನೆ: ಮೇಡಂ, ನಾವು ಆರು ಜನ ದಾವಣಗೆರೆಯಲ್ಲಿ ಒಟ್ಟಿಗೆ ಇಂಜಿನಿಯರಿಂಗ್ ಓದಿದವರು. ಈಗ ಮೂವರು ಬೆಂಗಳೂರಿನಲ್ಲಿ, ಒಬ್ಬ ಹುಬ್ಬಳ್ಳಿಯಲ್ಲಿ, ಒಬ್ಬಳು ಡಬ್ಲಿನ್‌ನಲ್ಲಿ. ನಾನು ಊರಲ್ಲೇ ಉಳಿದೆ. ಭಾನುವಾರ ಸಂಜೆ ಡಿಸ್ಕಾರ್ಡ್‌ನಲ್ಲಿ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಆಡುತ್ತೇವೆ. ಕತೆ ನಡೆಸುವ ಡಿಎಂ ನಾನೇ. ಫ್ರೀ ರೂಲ್ಸು, ಕಾಗದದ ಕ್ಯಾರೆಕ್ಟರ್ ಶೀಟು, ನೋಟ್‌ಬುಕ್ಕಿನಲ್ಲಿ ಬರೆದ ಮ್ಯಾಪಿನ ಫೋಟೊ, ಇಷ್ಟರಲ್ಲೇ ನಡೆದಿದೆ. ಡಬ್ಲಿನ್ ಗೆಳತಿ ಈ ಆಟದ ಪುಸ್ತಕ ಮಾರುವ ಡಿ ಅಂಡ್ ಡಿ ಬಿಯಾಂಡ್ ಜಾಲತಾಣದಲ್ಲಿ ಮೂರು ಪುಸ್ತಕ ಕೊಂಡಿದ್ದಾಳೆ. ‘ನೀನು ಅಲ್ಲಿನ ಮಾಸ್ಟರ್ ಟಿಯರ್ ಚಂದಾ ತಗೋ, ಎಲ್ಲಾ ಪುಸ್ತಕ ಸಿಗುತ್ತೆ’ ಅನ್ನುತ್ತಾಳೆ. ಬೆಂಗಳೂರಿನವನೊಬ್ಬ ಆನ್‌ಲೈನ್ ಆಟದ ಮೇಜಾದ ರೋಲ್20ರ ಪ್ರೋ ಚಂದಾ ತಗೋ ಅನ್ನುತ್ತಾನೆ. ತಿಂಗಳು ತಿಂಗಳು ಡಾಲರಿನಲ್ಲಿ ಕೊಡುವುದು ದಂಡ ಅಂತ ನನಗೆ. ನಿಜಕ್ಕೂ ಉಪಯೋಗ ಇದೆಯಾ?
— ಹೆಸರು ಹಾಕಬೇಡಿ ಎಂದವರು, ದಾವಣಗೆರೆ

ಉತ್ತರ: ನಿಮ್ಮ ಗೆಳತಿ ಹೇಳಿದ್ದು ಅರ್ಧ ಸರಿ. ಮಾಸ್ಟರ್ ಟಿಯರ್ ತಗೊಂಡರೆ ಪುಸ್ತಕಗಳು ಸಿಗುವುದಿಲ್ಲ. ಒಂದೂ ಸಿಗುವುದಿಲ್ಲ. ಇದು ಗೊತ್ತಿಲ್ಲದೆ ದುಡ್ಡು ಕಟ್ಟಿ, ಆಮೇಲೆ ಪೆಚ್ಚುಮೋರೆ ಹಾಕಿಕೊಂಡು ನನಗೆ ಬರೆಯುವವರು ಬಹಳ ಜನ. ಪುಸ್ತಕದ ದುಡ್ಡೇ ಬೇರೆ, ಚಂದಾದ ದುಡ್ಡೇ ಬೇರೆ. ಆಟದ ಮುಖ್ಯ ನಿಯಮಪುಸ್ತಕವಾದ 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್ಕಿನ ಡಿಜಿಟಲ್ ಪ್ರತಿ ಬೇಕಾದರೆ 29.99 ಡಾಲರ್ ಬೇರೆಯೇ ಕೊಡಬೇಕು. ಮಾಸ್ಟರ್ ಟಿಯರ್ ಕೊಡುವ ದೊಡ್ಡ ಸೌಲಭ್ಯ ಒಂದೇ: ಕೊಂಡ ಪುಸ್ತಕವನ್ನು ಕ್ಯಾಂಪೇನ್‌ನಲ್ಲಿರುವ (ಒಂದೇ ಕತೆಯನ್ನು ಮುಂದುವರಿಸಿ ಆಡುವ ಆಟ) ಉಳಿದವರ ಜೊತೆ ಹಂಚಿಕೊಳ್ಳುವುದು.

ಈ ಆಟ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ನಾಲ್ಕೈದು ಜನ ಒಂದೊಂದು ಪಾತ್ರ ವಹಿಸುತ್ತಾರೆ. ಡಿಎಂ ಆದವರು ಕತೆ ನಡೆಸುತ್ತಾರೆ. ಏಟು ಬಿತ್ತೋ ಇಲ್ಲವೋ, ಬಾಗಿಲು ತೆರೆಯಿತೋ ಇಲ್ಲವೋ ಅನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಅನ್ನುವ ಸಣ್ಣ ಊರಿನಿಂದ 1974ರಲ್ಲಿ ಹೊರಬಂದ ಆಟ ಇದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಮಾಡಿದವರು. ಬೇಕಾಗಿದ್ದು ಕಾಗದ, ಪೆನ್ಸಿಲ್, ದಾಳ, ಬಿಡುವಾದ ಒಂದು ಸಂಜೆ. ಇವತ್ತಿಗೂ ಅಷ್ಟೇ ಬೇಕಾಗಿರುವುದು.

ಹಾಗಾದರೆ ಚಂದಾ ಯಾತಕ್ಕೆ? ಆಟಕ್ಕಲ್ಲ, ಆಟದ ಸುತ್ತಲಿನ ಚಾಕರಿಗೆ. ಅದರಲ್ಲಿ ಮುಕ್ಕಾಲು ಪಾಲು ಡಿಎಂ ಚಾಕರಿ. ಆದ್ದರಿಂದ ನಾನು ಯಾರಿಗೇ ಆಗಲಿ ಮೊದಲು ಕೇಳುವುದು ಎರಡು ಪ್ರಶ್ನೆ. ನಿಮಗೆ ಅತಿ ಬೇಸರದ ಕೆಲಸ ಯಾವುದು? ಚಂದಾ ನಿಲ್ಲಿಸಿದ ದಿನ ನಿಮ್ಮ ಕೈಯಲ್ಲಿ ಏನು ಉಳಿಯುತ್ತದೆ?

ಎರಡನೆಯದರಿಂದ ಶುರು ಮಾಡುತ್ತೇನೆ. ಈ ಹವ್ಯಾಸಕ್ಕೆ ಚಂದಾ ಹೊಸದೇನಲ್ಲ. 1976ರಿಂದಲೇ ‘ಡ್ರ್ಯಾಗನ್’ ಅನ್ನುವ ಪತ್ರಿಕೆ ಇತ್ತು. ಚಂದಾದಾರರ ಮನೆಗೆ ಅಂಚೆಯಲ್ಲಿ ಬರುತ್ತಿತ್ತು. ಚಂದಾ ಮುಗಿದರೂ ಹಳೆ ಸಂಚಿಕೆಗಳು ಕಪಾಟಿನಲ್ಲೇ ಇರುತ್ತಿದ್ದವು. 2007ರಲ್ಲಿ ಅದರ ಮುದ್ರಣ ನಿಂತಿತು. ಮರುವರ್ಷ ನಾಲ್ಕನೇ ಆವೃತ್ತಿಯ ಜೊತೆ ‘ಡಿ ಅಂಡ್ ಡಿ ಇನ್‌ಸೈಡರ್’ ಅನ್ನುವ ಆನ್‌ಲೈನ್ ಚಂದಾ ಬಂತು. ಪಾತ್ರ ಕಟ್ಟಲು ಒಂದು ತಂತ್ರಾಂಶ, ನಿಯಮ ಹುಡುಕಲು ಒಂದು ಕೋಶ. ಚೆನ್ನಾಗಿಯೇ ಇತ್ತು. ಜೊತೆಗೆ ಆನ್‌ಲೈನ್ ಆಟದ ಮೇಜನ್ನೂ ಕೊಡುತ್ತೇವೆ ಅಂದಿದ್ದರು. ಅದು ಕೊನೆಗೂ ಪೂರ್ತಿಯಾಗಿ ಬರಲಿಲ್ಲ. 2010ರಲ್ಲಿ ಪಾತ್ರ ಕಟ್ಟುವ ತಂತ್ರಾಂಶವನ್ನು ಕಂಪ್ಯೂಟರಿನಿಂದ ಬ್ರೌಸರಿಗೆ ಎಳೆದುಕೊಂಡು ಹೋದರು. ಅದು ನಿಂತಿದ್ದು ಮೈಕ್ರೋಸಾಫ್ಟ್‌ನ ಸಿಲ್ವರ್‌ಲೈಟ್ ಮೇಲೆ. ಸಿಲ್ವರ್‌ಲೈಟ್ ಕಾಲ ಮುಗಿಯುತ್ತಾ ಬಂದ ಹಾಗೆ, 2020ರ ಹೊಸ ವರ್ಷಕ್ಕೆ ಆ ಅಂಗಡಿಯೂ ಮುಚ್ಚಿತು. ವರ್ಷಗಟ್ಟಲೆ ಚಂದಾ ಕಟ್ಟಿದವರ ಕೈಯಲ್ಲಿ ಉಳಿದದ್ದು ಅವರೇ ಇಳಿಸಿಕೊಂಡಿದ್ದ, ಪ್ರಿಂಟ್ ತೆಗೆದಿಟ್ಟುಕೊಂಡಿದ್ದ ಹಾಳೆಗಳು.

ಈಗಿನ ಡಿ ಅಂಡ್ ಡಿ ಬಿಯಾಂಡ್ 2017ರಲ್ಲಿ ಶುರುವಾಯಿತು. ಬೇರೆ ಬೇರೆ ಒಡೆಯರ ಕೈ ದಾಟಿ 2022ರಲ್ಲಿ ಡಿ ಅಂಡ್ ಡಿಯ ಒಡೆತನ ಇರುವ ಹ್ಯಾಸ್‌ಬ್ರೋ ಕಂಪನಿ ಅದನ್ನು 14 ಕೋಟಿ 63 ಲಕ್ಷ ಡಾಲರಿಗೆ ಕೊಂಡಿತು. ಅಷ್ಟು ದುಡ್ಡು ಹಾಕಿದ ಮೇಲೆ ವಾಪಸ್ ಎಲ್ಲಿಂದ ಬರಬೇಕು? ನಮ್ಮ ನಿಮ್ಮಂಥವರಿಂದಲೇ ತಾನೇ. ಮೊದಲು ಅಲ್ಲಿ ಒಂದೇ ಒಂದು ಸಬ್‌ಕ್ಲಾಸ್, ಅಂದರೆ ಪಾತ್ರದ ಒಂದು ಉಪಬಗೆ, ಬೇಕು ಅಂದರೆ ಅದೊಂದನ್ನೇ ಎರಡು ಮೂರು ಡಾಲರಿಗೆ ಕೊಳ್ಳಬಹುದಿತ್ತು. 2024ರಲ್ಲಿ ಅದನ್ನು ತೆಗೆದುಹಾಕಿದರು. ಈಗ ಇಡೀ ಪುಸ್ತಕವನ್ನೇ ಕೊಳ್ಳಬೇಕು. ಅದೇ ವರ್ಷ ಆಗಸ್ಟ್‌ನಲ್ಲಿ ಇನ್ನೊಂದು ಸುದ್ದಿ ಬಂತು: ನಿಮ್ಮ ಕ್ಯಾರೆಕ್ಟರ್ ಶೀಟಿನಲ್ಲಿರುವ 2014ರ ಆವೃತ್ತಿಯ ಮಂತ್ರಗಳು, ಮಾಯಾವಸ್ತುಗಳು ಹೋಗಿ ಹೊಸ ಆವೃತ್ತಿಯವು ಬಂದು ಕೂರುತ್ತವೆ ಅಂತ. ಜನ ದುಡ್ಡು ಕೊಟ್ಟು ಕೊಂಡಿದ್ದವು ಅವು! ಗಲಾಟೆಯಾಯಿತು. ಕೆಲವೇ ದಿನದಲ್ಲಿ ಹಿಂದೆ ಸರಿದರು. ಕೊಂಡ ಪುಸ್ತಕ ಚಂದಾ ನಿಂತರೂ ನಿಮ್ಮ ಖಾತೆಯಲ್ಲಿ ಇರುತ್ತದೆ, ಅದು ನಿಜ. ಆದರೆ ಪಿಡಿಎಫ್ ಕೊಡುವುದಿಲ್ಲ. ಅವರ ಜಾಲತಾಣದಲ್ಲೋ ಆಪ್‌ನಲ್ಲೋ ಮಾತ್ರ ಓದಬೇಕು. ಅದನ್ನು ತಿಳಿದುಕೊಂಡೇ ಕೊಳ್ಳಿ.

ಹೀಗಂದೆ ಅಂತ ಬಾಡಿಗೆಯೆಲ್ಲಾ ಕೆಟ್ಟದ್ದು ಅಂತಲ್ಲ. ಮದುವೆಗೆ ಪಾತ್ರೆಪಡಗ ಬಾಡಿಗೆಗೆ ತರುತ್ತೇವೆ, ಅದನ್ನು ಯಾರೂ ದಂಡ ಅನ್ನುವುದಿಲ್ಲ. ದಿನಾ ಅನ್ನ ಮಾಡುವ ಪಾತ್ರೆಯನ್ನು ಬಾಡಿಗೆಗೆ ತಂದರೆ ಮಾತ್ರ ಅಕ್ಕಪಕ್ಕದವರು ನಗುತ್ತಾರೆ.

ಈಗ ನಿಮ್ಮ ಗುಂಪಿಗೆ ಬರೋಣ. ಡಾಲರಿಗೆ 90 ರೂಪಾಯಿ ಅಂತ ಇಟ್ಟುಕೊಳ್ಳಿ. ಮಾಸ್ಟರ್ ಟಿಯರ್ ತಿಂಗಳಿಗೆ 5.99 ಡಾಲರ್, ಅಂದರೆ ಸುಮಾರು 540 ರೂಪಾಯಿ. ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ 54.99 ಡಾಲರ್, ಅಂದರೆ 4,950ರ ಹತ್ತಿರ. ಅದರ ಮೇಲೆ ನಿಮ್ಮ ಕಾರ್ಡಿನವರು ವಿದೇಶಿ ವಹಿವಾಟಿಗೆ ಅಂತ ಶೇಕಡಾ 2ರಿಂದ 3.5 ಹಾಕುತ್ತಾರೆ, ಆ ಶುಲ್ಕಕ್ಕೆ ಜಿಎಸ್‌ಟಿ ಬೇರೆ. ಕೆಳಗಿನ ಹೀರೋ ಟಿಯರ್ 2.99 ಡಾಲರ್. ಅದರಲ್ಲಿ ಹಂಚಿಕೆ ಇಲ್ಲ. ಆರಕ್ಕಿಂತ ಜಾಸ್ತಿ ಪಾತ್ರ ಮಾಡಿಟ್ಟುಕೊಳ್ಳಬಹುದು, ಜಾಹೀರಾತು ಇರುವುದಿಲ್ಲ, ಅಷ್ಟೇ. ಉಚಿತ ಖಾತೆಯಲ್ಲೇ ಆರು ಪಾತ್ರ ಇಟ್ಟುಕೊಳ್ಳಬಹುದು. ಒಂದು ಕ್ಯಾಂಪೇನ್ ಆಡುವವರಿಗೆ ಏಳನೇ ಪಾತ್ರ ಯಾಕೆ ಬೇಕು? ಹೀರೋ ಟಿಯರ್ ನನ್ನ ಮಟ್ಟಿಗೆ ಸುಮ್ನೆ ಖರ್ಚು.

ಮಾಸ್ಟರ್ ಟಿಯರ್ ಮಾತ್ರ ನಿಮ್ಮ ಗುಂಪಿಗೆ ಸರಿಹೊಂದುತ್ತದೆ. ಆದರೆ ತಗೊಳ್ಳಬೇಕಾದವರು ನೀವಲ್ಲ, ಡಬ್ಲಿನ್ ಗೆಳತಿ! ಡಿಎಂ ಆದವರೇ ತಗೊಳ್ಳಬೇಕು ಅನ್ನುವ ನಿಯಮ ಇಲ್ಲ. ಕ್ಯಾಂಪೇನ್‌ನಲ್ಲಿ ಯಾರಾದರೂ ಒಬ್ಬರ ಹತ್ತಿರ ಮಾಸ್ಟರ್ ಟಿಯರ್ ಇದ್ದು ಅವರು ಹಂಚಿಕೆಯನ್ನು ತೆರೆದರೆ ಸಾಕು, ಆ ಕ್ಯಾಂಪೇನ್‌ನವರು ಕೊಂಡ ಪುಸ್ತಕಗಳೆಲ್ಲಾ ಎಲ್ಲರಿಗೂ ಕಾಣುತ್ತವೆ. ಪುಸ್ತಕ ಅವಳವು. ಸಂಬಳ ಯೂರೋದಲ್ಲಿ. ನಮ್ಮ ಕಾರ್ಡಿನ ರಗಳೆಯೂ ಅವಳಿಗಿಲ್ಲ. ಆರು ಜನರಿಗೆ ಹಂಚಿದರೆ ತಲೆಗೆ ವರ್ಷಕ್ಕೆ 825 ರೂಪಾಯಿ. ಊರಿಗೆ ಬಂದಾಗ ಕೊಟ್ಟರೆ ಆಯಿತು. ಬೆಣ್ಣೆದೋಸೆ ರೂಪದಲ್ಲಿ ಕೊಟ್ಟರೂ ಅವಳು ಬೇಡ ಅನ್ನಲಿಕ್ಕಿಲ್ಲ.

ಕಾರ್ಡಿನ ರಗಳೆ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮ ಬದಲಾಗಿದೆ. ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ದುಡ್ಡು ಹೋಗಬೇಕಾದರೆ ಮೊದಲೇ ನೀವು ಒಪ್ಪಿಗೆ ದಾಖಲಿಸಿರಬೇಕು, ಪ್ರತಿ ಸಲವೂ 24 ಗಂಟೆ ಮುಂಚೆ ನಿಮಗೆ ಸೂಚನೆ ಬರಬೇಕು. ಕೆಲವು ಹೊರದೇಶದ ಕಂಪನಿಗಳು ಇದಕ್ಕೆ ಹೊಂದಿಕೊಂಡಿಲ್ಲ. ಮೊದಲ ತಿಂಗಳು ಒಟಿಪಿ ಹಾಕಿ ಕಟ್ಟಿದ್ದು ಸರಿಹೋಗುತ್ತದೆ, ಎರಡನೇ ತಿಂಗಳು ಕಾರ್ಡ್ ಒಪ್ಪಲಿಲ್ಲ ಅನ್ನುತ್ತದೆ. ಬಹಳ ಜನ ಇದನ್ನು ಬೈಯುತ್ತಾರೆ. ನನಗೆ ಇಷ್ಟ. ಆಡದೇ ಇರುವ ತಿಂಗಳು ದುಡ್ಡು ತಾನಾಗಿ ಹೋಗುವುದು ತಪ್ಪಿತಲ್ಲ.

ರೋಲ್20 ಬಗ್ಗೆ. ಅದು 2012ರಿಂದ ಇದೆ, ಬ್ರೌಸರಿನಲ್ಲೇ ಆಡುವ ಮೇಜು. ಉಚಿತ ಖಾತೆಯಲ್ಲೇ ಮ್ಯಾಪ್ ಹಾಕಬಹುದು, ಪಾತ್ರದ ಗುರುತಾದ ಟೋಕನ್ ಸರಿಸಬಹುದು, ದಾಳ ಉರುಳಿಸಬಹುದು. ಜಾಹೀರಾತು ಬರುತ್ತದೆ, ಚಿತ್ರ ಇಡಲು ಜಾಗ ಕಮ್ಮಿ. ಪ್ಲಸ್‌ಗೆ ತಿಂಗಳಿಗೆ ಸುಮಾರು 6 ಡಾಲರ್, ಪ್ರೋಗೆ 11ರ ಆಸುಪಾಸು. ಚಂದಾ ಕಟ್ಟುವವರಿಗೆ ಸಿಗುವ ಮುಖ್ಯ ವಸ್ತು ಡೈನಾಮಿಕ್ ಲೈಟಿಂಗ್. ಡಿಎಂ ಒಬ್ಬರು ಕಟ್ಟಿದರೆ ಸಾಕು, ಆಡುವವರೆಲ್ಲರಿಗೂ ಕೆಲಸ ಮಾಡುತ್ತದೆ.

ಈ ಬೆಳಕಿನ ವಿಷಯದಲ್ಲಿ ನನಗೆ ಪಕ್ಷಪಾತ ಇದೆ. ಡಿ ಅಂಡ್ ಡಿಯಲ್ಲಿ ಪಂಜಿನ ಪ್ರಖರ ಬೆಳಕು 20 ಅಡಿ, ಅದರಾಚೆ ಇನ್ನು 20 ಅಡಿ ಮಬ್ಬು. ಕಾಗದದ ಮೇಲೆ ಆಡುವಾಗ ಅದು ಬರೀ ಅಂಕಿ, ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಡೈನಾಮಿಕ್ ಲೈಟಿಂಗ್ ಹಾಕಿದರೆ ಪಂಜು ಹಿಡಿದವನ ಸುತ್ತ ಅಷ್ಟೇ ಜಾಗ ಕಾಣುತ್ತದೆ, ಗೋಡೆಯ ಆಚೆ ಕಪ್ಪು. ಮೈಸೂರಿನ ನಮ್ಮ ಮೇಜಿನಲ್ಲಿ ಮೆಡಿಕಲ್ ಶಾಪ್ ನಡೆಸುವವರೊಬ್ಬರು ರೋಗ್, ಅಂದರೆ ಕಳ್ಳನಂಥ ಪಾತ್ರ, ಆಡುತ್ತಾರೆ. ಮಹಾ ಧೈರ್ಯಸ್ಥ ಪಾತ್ರ. ಎಲ್ಲಾ ಬಾಗಿಲಿಗೂ ಮೊದಲು ನುಗ್ಗುವುದು ಅವರೇ. ಲೈಟಿಂಗ್ ಹಾಕಿ ಒಂದು ಸುರಂಗ ಕೊಟ್ಟೆ. ಪಂಜು ಹಿಡಿದವಳು ಹಿಂದೆ ಉಳಿದಳು. ಇವರು ಮುಂದೆ ಹೋದರು, ತೆರೆ ಕಪ್ಪಾಯಿತು. ‘ಏಯ್, ಪಂಜು ತಗೊಂಡು ಬಾರೇ’ ಅಂತ ಮೈಕಿನಲ್ಲಿ ನಿಜವಾಗಿಯೂ ಕೂಗಿದರು. ಇಂಥದ್ದಕ್ಕೆ ದುಡ್ಡು ಕೊಡಬಹುದು ಅಂತ ನನ್ನ ಅನಿಸಿಕೆ. ಹಾಗಂತ ಎಲ್ಲಾ ಕ್ಯಾಂಪೇನ್‌ನಲ್ಲೂ ಸುರಂಗ ಇರುವುದಿಲ್ಲ. ನಿಮ್ಮದು ಅರಮನೆಯ ಒಳಸಂಚು, ಮಾತುಕತೆಯ ಕತೆ ಆದರೆ ಲೈಟಿಂಗ್‌ನಿಂದ ಮೂರು ಕಾಸಿನ ಉಪಯೋಗ ಇಲ್ಲ. ಸುರಂಗ ಬರುವ ತಿಂಗಳು ಪ್ಲಸ್ ಕಟ್ಟಿ, ಮುಗಿದ ಮೇಲೆ ನಿಲ್ಲಿಸಿ. ಪ್ರೋದಲ್ಲಿ ಜಾಸ್ತಿ ಸಿಗುವುದು ಸ್ಕ್ರಿಪ್ಟ್, ಅಂದರೆ ಆಟದ ಕೆಲಸ ತಾನಾಗಿ ಮಾಡಿಸುವ ಸಣ್ಣ ಪ್ರೋಗ್ರಾಂ, ಬರೆಯುವವರಿಗೆ ಬೇಕಾದ ವಸ್ತು. ನಿಮ್ಮ ಬೆಂಗಳೂರು ಗೆಳೆಯನ ಕೆಲಸ ಸಾಫ್ಟ್‌ವೇರ್ ಅಂತ ಊಹಿಸುತ್ತೇನೆ. ಸ್ಕ್ರಿಪ್ಟ್ ತಾನೇ ಬರೆದುಕೊಡುತ್ತೇನೆ ಅಂದರೆ ಅವನಿಂದಲೇ ದುಡ್ಡು ಕಟ್ಟಿಸಿ.

ತಿಂಗಳ ಲೆಕ್ಕವೇ ಬೇಡ ಅನ್ನುವವರಿಗೆ ಫೌಂಡ್ರಿ ಅನ್ನುವ ಆನ್‌ಲೈನ್ ಮೇಜು ಇದೆ. 2020ರಲ್ಲಿ ಬಂದದ್ದು. 50 ಡಾಲರ್, ತೆರಿಗೆ ಬೇರೆ. ಒಂದೇ ಸಲ, ಡಿಎಂ ಒಬ್ಬರೇ ಕೊಂಡರೆ ಸಾಕು. ಉಳಿದವರು ಬ್ರೌಸರಿನಲ್ಲಿ ಲಿಂಕ್ ತೆರೆದು ಬರುತ್ತಾರೆ. ಬೆಳಕು, ಗೋಡೆ, ಸದ್ದು ಎಲ್ಲಾ ಅದರಲ್ಲೇ ಇದೆ. ನಾನು ಈಗ ಆಡಿಸುವುದು ಇದರಲ್ಲೇ. ತೊಡಕು ಒಂದಿದೆ. ಅದು ಓಡುವುದು ನಿಮ್ಮ ಕಂಪ್ಯೂಟರಿನಲ್ಲಿ. ಹೊರಗಿನವರು ಒಳಗೆ ಬರಬೇಕಾದರೆ ನಿಮ್ಮ ಇಂಟರ್ನೆಟ್ ಸಂಪರ್ಕಕ್ಕೆ ಸ್ವಂತ ಪಬ್ಲಿಕ್ ಐಪಿ ವಿಳಾಸ ಇರಬೇಕು. ನಮ್ಮ ದೇಶದಲ್ಲಿ ಬಹಳಷ್ಟು ಕಡೆ ಒಂದೇ ವಿಳಾಸವನ್ನು ನೂರಾರು ಮನೆಗೆ ಹಂಚಿರುತ್ತಾರೆ. ರೌಟರಿನಲ್ಲಿ ಏನೇ ಪೋರ್ಟ್ ತೆರೆದರೂ ಡಬ್ಲಿನ್‌ನವಳಿಗೆ ಬಾಗಿಲು ಕಾಣುವುದಿಲ್ಲ. ನಿಮ್ಮ ಇಂಟರ್ನೆಟ್‌ನವರನ್ನು ಕೇಳಿ ಸ್ಟ್ಯಾಟಿಕ್ ಐಪಿ ಹಾಕಿಸಿಕೊಳ್ಳಿ, ಇಲ್ಲವೇ ಕ್ಲೌಡ್ ಸರ್ವರಿನಲ್ಲಿ ಇಡಿ. ಫೌಂಡ್ರಿಯನ್ನು ಇಟ್ಟುಕೊಳ್ಳಲೆಂದೇ ಇರುವ ಸೇವೆಗಳೂ ಇವೆ. ಆದರೆ ಅವಕ್ಕೆ ಮತ್ತೆ ತಿಂಗಳ ಬಾಡಿಗೆ! ಕೊಳ್ಳುವ ಮುಂಚೆ ಇದನ್ನು ವಿಚಾರಿಸಿ.

ಇನ್ನೊಂದು ದಾರಿ, ನೀವು ಕೇಳದೇ ಇದ್ದರೂ ಹೇಳುತ್ತೇನೆ. ಆಟವನ್ನೇ ಬದಲಿಸಿ. ಡಿ ಅಂಡ್ ಡಿಯಂಥದ್ದೇ ಆದ ಪಾಥ್‌ಫೈಂಡರ್ ಆಟದ ಎರಡನೇ ಆವೃತ್ತಿಯ ನಿಯಮಗಳೆಲ್ಲಾ ‘ಆರ್ಕೈವ್ಸ್ ಆಫ್ ನೆಥಿಸ್’ ಅನ್ನುವ ತಾಣದಲ್ಲಿ ಬಿಟ್ಟಿ ಸಿಗುತ್ತವೆ. ಕದ್ದದ್ದಲ್ಲ, ಪ್ರಕಾಶಕರಾದ ಪೈಜೋ ಕಂಪನಿಯೇ ಒಪ್ಪಿ ಕೊಟ್ಟದ್ದು. ಫೌಂಡ್ರಿಯಲ್ಲೂ ಆ ನಿಯಮಗಳು ಹೆಚ್ಚು ದುಡ್ಡಿಲ್ಲದೆ ಬರುತ್ತವೆ. ನಿಯಮ ಸ್ವಲ್ಪ ಜಾಸ್ತಿ, ಕಲಿಯುವುದಕ್ಕೆ ತಾಳ್ಮೆ ಬೇಕು. ನಿಮ್ಮ ಗುಂಪಿನಲ್ಲಿ ಒಬ್ಬರಾದರೂ ನಿಯಮದ ಹುಚ್ಚಿನವರು ಇರಬೇಕಲ್ಲ, ಪ್ರತಿ ಗುಂಪಿನಲ್ಲೂ ಇರುತ್ತಾರೆ. ಅವರಿಗೆ ಹಬ್ಬ.

ಮೂರು ಆಯಾಮದ ಮೇಜು, ಸಿನಿಮಾದ ಹಾಗೆ ಕಾಣುತ್ತದೆ ಅಂತ ಯಾರಾದರೂ ಆಸೆ ಹುಟ್ಟಿಸಿದರೆ ‘ಸಿಜಿಲ್’ ಕತೆ ನೆನಪಿಡಿ. ಡಿ ಅಂಡ್ ಡಿ ಕಂಪನಿಯದೇ ಅದು. 2025ರ ಫೆಬ್ರುವರಿ ಕೊನೆಯಲ್ಲಿ ಬಿಡುಗಡೆಯಾಯಿತು, ಮಾರ್ಚ್‌ನಲ್ಲಿ ಅದನ್ನು ಕಟ್ಟಿದವರಲ್ಲಿ ಹೆಚ್ಚಿನವರನ್ನು ಕೆಲಸದಿಂದ ತೆಗೆದರು. ಮುಂದೆ ಏನೇನೋ ಬರುತ್ತದೆ ಅನ್ನುವ ಮಾತಿಗೆ ಈ ತಿಂಗಳ ದುಡ್ಡು ಕಟ್ಟಬೇಡಿ.

ಮೊದಲನೇ ಪ್ರಶ್ನೆಗೆ ಉತ್ತರ ನಿಮ್ಮಲ್ಲೇ ಇದೆ. ನಿಮಗೆ ಬೇಸರದ ಕೆಲಸ ಮ್ಯಾಪ್ ಬರೆಯುವುದೋ, ಗೆಳೆಯರ ಶೀಟು ತಿದ್ದುವುದೋ? ಶೀಟು ಅಂದರೆ ಮಾಸ್ಟರ್ ಟಿಯರ್, ಡಬ್ಲಿನ್‌ನಿಂದ. ಮ್ಯಾಪ್ ಅಂದರೆ ಮೊದಲು ‘ಔಲ್‌ಬೇರ್ ರೋಡಿಯೋ’ ನೋಡಿ. ಉಚಿತವಾಗಿಯೇ ಬಳಸಬಹುದು, ನಿಮ್ಮ ನೋಟ್‌ಬುಕ್ಕಿನ ಫೋಟೊವನ್ನೇ ಹಾಕಿ ಟೋಕನ್ ಇಡಬಹುದು. ಅದೂ ಸಾಲದು ಅನಿಸಿದರೆ ರೋಲ್20, ಆಮೇಲೆ ಫೌಂಡ್ರಿ. ವರ್ಷದ ಚಂದಾ ಮಾತ್ರ ಈಗಲೇ ಬೇಡ. ಮೂವತ್ತು ದಾಟಿದವರ ಕ್ಯಾಂಪೇನ್‌ಗಳು ಸಾಯುವುದು ಡ್ರ್ಯಾಗನ್‌ನಿಂದಲ್ಲ, ಮಕ್ಕಳ ಪರೀಕ್ಷೆ, ಅತ್ತೆ ಮನೆ ಗೃಹಪ್ರವೇಶ, ಆಫೀಸಿನ ರಿಲೀಸ್, ಇಂಥವುಗಳಿಂದ. ಒಂದೆರಡು ತಿಂಗಳು ತಿಂಗಳ ಲೆಕ್ಕದಲ್ಲಿ ಕಟ್ಟಿ, ಎಷ್ಟು ಭಾನುವಾರ ಆರೂ ಜನ ಸೇರಿದಿರಿ ನೋಡಿ.

ಪ್ರಶ್ನೆ: ನನ್ನ ಮಗಳು ಎಸ್‌ಎಸ್‌ಎಲ್‌ಸಿ. ಕ್ಲಾಸಿನ ಗೆಳತಿಯರ ಜೊತೆ ದಾಳ ಹಾಕಿ ಆಡುವ ಯಾವುದೋ ಡ್ರ್ಯಾಗನ್ ಆಟ ಹಿಡಿದಿದ್ದಾಳೆ. ತಿಂಗಳಿಗೆ ದುಡ್ಡು ಕಟ್ಟಬೇಕು, ಕಾರ್ಡ್ ಕೊಡಮ್ಮ ಅನ್ನುತ್ತಾಳೆ. ದಾಳ ಅಂದರೆ ಜೂಜಲ್ವಾ? ಆನ್‌ಲೈನ್ ಆಟಕ್ಕೆ ಕಾನೂನು ಬೇರೆ ಬಂದಿದೆಯಂತೆ.
— ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಜೂಜಲ್ಲಮ್ಮ. ಇದರಲ್ಲಿ ಪಣ ಇಲ್ಲ, ದುಡ್ಡು ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದ್ದು ದುಡ್ಡು ಪಣವಿಟ್ಟು ಆಡುವ ಆಟಗಳನ್ನು. ಪಣವಿಲ್ಲದ ಆಟಕ್ಕೆ ಬರೀ ಸದಸ್ಯತ್ವ ಶುಲ್ಕ ಕೊಟ್ಟರೆ ಅದು ಆ ನಿಷೇಧದಲ್ಲಿ ಬರುವುದಿಲ್ಲ.

ಆದರೂ ಕಾರ್ಡ್ ಕೊಡಬೇಡಿ. ಅವಳಿಗೆ ಅದರ ಅಗತ್ಯವೇ ಇಲ್ಲ. ಡಿ ಅಂಡ್ ಡಿ ಬಿಯಾಂಡ್‌ನ ಉಚಿತ ಖಾತೆಯಲ್ಲಿ ಹನ್ನೆರಡು ಕ್ಲಾಸ್‌ಗಳಲ್ಲೂ, ಅಂದರೆ ಯೋಧ, ಮಾಂತ್ರಿಕ ಅಂಥ ಬಗೆಗಳಲ್ಲೂ, ಪಾತ್ರ ಮಾಡಿಕೊಳ್ಳಬಹುದು. ಹೊಸಬರಿಗೆ ಅದೇ ಬೇಕಾದಷ್ಟಾಯಿತು. ಅಷ್ಟು ಹಠ ಮಾಡಿದರೆ ಏಳು ದಾಳದ ಒಂದು ಸೆಟ್ ಕೊಡಿಸಿ. ಅದು ಅವಳದೇ ಆಗಿ ಉಳಿಯುತ್ತದೆ. ಗೆಳತಿಯರನ್ನು ನಿಮ್ಮ ಮನೆಗೇ ಕರೆಸಿ ಆಡಿಸಿ. ಯಾರ ಜೊತೆ ಆಡುತ್ತಾಳೆ ಅನ್ನುವುದು ನಿಮಗೂ ಗೊತ್ತಾಗುತ್ತದೆ. ಗುರುತಿಲ್ಲದವರ ಜೊತೆ ಆನ್‌ಲೈನ್‌ನಲ್ಲಿ ಕೂರುವುದು ಪರೀಕ್ಷೆ ಮುಗಿದ ಮೇಲೂ ಬೇಡ.

ಪ್ರಶ್ನೆ: ತುಳುನಾಡಿನ ಭೂಮಿಕೆ ಇಟ್ಟುಕೊಂಡು ಡಿ ಅಂಡ್ ಡಿಯ ಐದನೇ ಆವೃತ್ತಿಗೆ ಒಂದು ಸಾಹಸಕತೆ ಬರೆಯುತ್ತಿದ್ದೇನೆ. ಪಿಡಿಎಫ್ ಮಾಡಿ ಮಾರಬೇಕು. ಡಿ ಅಂಡ್ ಡಿ ಬಿಯಾಂಡ್ ಚಂದಾ ಕಟ್ಟದಿದ್ದರೆ ಅನುಮತಿ ಸಿಗುವುದಿಲ್ಲ ಅಂತ ಗೆಳೆಯ ಹೆದರಿಸುತ್ತಿದ್ದಾನೆ.
— ಎಂ.ಎ. ವಿದ್ಯಾರ್ಥಿ, ಮಂಗಳೂರು

ಉತ್ತರ: ಚಂದಾಕ್ಕೂ ಅನುಮತಿಗೂ ಸಂಬಂಧವೇ ಇಲ್ಲ. 2023ರ ಜನವರಿಯಲ್ಲಿ ಕಂಪನಿ ಹಳೆಯ ಮುಕ್ತ ಪರವಾನಗಿಯನ್ನು ಬಿಗಿ ಮಾಡಲು ಹೊರಟಿತ್ತು. ಕರಡು ಹೊರಗೆ ಬಿತ್ತು. ಆಟಗಾರರು ರೊಚ್ಚಿಗೆದ್ದು ಚಂದಾ ರದ್ದು ಮಾಡತೊಡಗಿದರು. ತಿಂಗಳು ಮುಗಿಯುವುದರೊಳಗೆ ಕಂಪನಿ ಮಣಿಯಿತು. ಐದನೇ ಆವೃತ್ತಿಯ ಮೂಲ ನಿಯಮಗಳನ್ನು, ಅಂದರೆ ಎಸ್‌ಆರ್‌ಡಿ 5.1 ಅನ್ನು, ಕೃಪೆ ಹೇಳಿದರೆ ಯಾರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಅಡಿಯಲ್ಲಿ ಬಿಟ್ಟಿತು. ಆ ಪರವಾನಗಿಯನ್ನು ವಾಪಸ್ ತಗೊಳ್ಳಲು ಬರುವುದಿಲ್ಲ. 2024ರ ನಿಯಮಗಳನ್ನು ಆಧರಿಸಿದ 5.2 ಕೂಡ 2025ರ ಏಪ್ರಿಲ್‌ನಲ್ಲಿ ಹಾಗೆಯೇ ಬಂತು. ಚಂದಾದಾರರಿಗೂ ಒಂದು ಹಿಡಿತ ಇದೆ ಅಂತ ನಾನು ನಂಬುವುದು ಈ ಒಂದು ಪ್ರಸಂಗದಿಂದ.

ಎಸ್‌ಆರ್‌ಡಿಯ ಪಿಡಿಎಫ್ ಇಳಿಸಿಕೊಳ್ಳಿ. ಅದರ ಮೊದಲಲ್ಲೇ ಕೃಪೆ ಹೇಳುವ ಸಾಲನ್ನು ಕೊಟ್ಟಿದ್ದಾರೆ, ಅದನ್ನು ಹಾಗೆಯೇ ನಿಮ್ಮ ಪುಸ್ತಕದಲ್ಲಿ ಹಾಕಿ. ಕನ್ನಡದಲ್ಲಿ, ತುಳುವಿನಲ್ಲಿ ಬರೆದರೂ ಸರಿ, ಬೆಲೆ ನಿಮ್ಮಿಷ್ಟ. ಎಸ್‌ಆರ್‌ಡಿಯಲ್ಲಿ ಇಲ್ಲದ ರಾಕ್ಷಸರ ಹೆಸರು, ಕಂಪನಿಯದೇ ಕಲ್ಪಿತ ಲೋಕವಾದ ಫರ್ಗಾಟನ್ ರೆಲ್ಮ್ಸ್‌ನ ಊರುಗಳು ಮಾತ್ರ ಬೇಡ. ಅವು ಬೇಕೇ ಬೇಕು ಅಂದರೆ ಡಿಎಮ್ಸ್ ಗಿಲ್ಡ್ ಅನ್ನುವ ತಾಣದಲ್ಲೇ ಮಾರಬೇಕು, ಬಂದದ್ದರಲ್ಲಿ ಅರ್ಧ ಅವರಿಗೆ ಹೋಗುತ್ತದೆ. ನಿಮ್ಮ ಕತೆ ನಡೆಯುವುದು ತುಳುನಾಡಿನಲ್ಲಿ. ಅವರ ಊರು ಕಟ್ಟಿಕೊಂಡು ನಿಮಗೇನಾಗಬೇಕು?